ಹ್ಯೂಸ್ ಸತ್ತಾಗ ತಂಗಿ ಏಕೆ ಅಳಲಿಲ್ಲ

ಜಪಾನಿನ ಅನಿಮೇಷನ್ ಸರಣಿ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನಲ್ಲಿ ಸೇನಾಧಿಕಾರಿ ಹ್ಯೂಸ್ ಸಾಯುವ ಕಂತನ್ನು ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ. ಅದೇ ಸಾವನ್ನು ನೋಡಿದ ತಂಗಿ “ಅಯ್ಯೋ ಪಾಪ” ಎಂದು ಮುಂದಿನ ಕಂತಿಗೆ ಹೋದಳು. ಕೇಳಿದರೆ, “ಅಣ್ಣಾ, ಆತನ ಪರಿಚಯವಾದದ್ದೇ ಮೊನ್ನೆ, ಹೇಗೆ ಅಳಲಿ?” ಎಂದಳು. ನಾನು ನೋಡಿದ್ದು 2003ರ ಸರಣಿ. ಅವಳು ನೋಡಿದ್ದು ಅದೇ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದ 2009ರ ‘ಬ್ರದರ್‌ಹುಡ್’. ಮೊದಲನೆಯದರಲ್ಲಿ ಹ್ಯೂಸ್ ಸಾಯುವುದು 25ನೇ ಕಂತಿನಲ್ಲಿ, ಎರಡನೆಯದರಲ್ಲಿ 10ನೇ ಕಂತಿನಲ್ಲಿ.

ಇದರ ಲೆಕ್ಕ ಹಿಡಿಯಲೇಬೇಕೆಂದು ಹಳೆಯ ದಿನಸಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಕುಳಿತೆ. ಮೊದಲು ಎಣಿಸಿದ್ದು ಮಂಗಾದ, ಅಂದರೆ ಈ ಸರಣಿಗಳಿಗೆ ಮೂಲವಾದ ಜಪಾನಿ ಚಿತ್ರಕಥೆಯ, ಅಧ್ಯಾಯಗಳನ್ನು. ಬ್ರದರ್‌ಹುಡ್‌ಗೆ 108 ಅಧ್ಯಾಯ, 64 ಕಂತು. ಹೋಲಿಕೆಗೆ ತೆಗೆದುಕೊಂಡ ಇನ್ನೊಂದು ಸರಣಿ ‘ಒನ್ ಪೀಸ್’ನ ಡ್ರೆಸ್‌ರೋಸಾ ಭಾಗಕ್ಕೆ 102 ಅಧ್ಯಾಯ, 118 ಕಂತು. ಬ್ರದರ್‌ಹುಡ್‌ನದು ಹೆಚ್ಚುಕಡಿಮೆ ಎರಡರಷ್ಟು ವೇಗ ಎಂದು ಬರೆದುಕೊಂಡೆ. ಶುದ್ಧ ತಪ್ಪು. ಒನ್ ಪೀಸ್ ವಾರಪತ್ರಿಕೆಯಲ್ಲಿ ಬರುವ ಕಥೆ, ಅಧ್ಯಾಯಕ್ಕೆ ಇಪ್ಪತ್ತು ಪುಟವೂ ಇರುವುದಿಲ್ಲ. ಫುಲ್‌ಮೆಟಲ್ ಬಂದದ್ದು ಮಾಸಿಕದಲ್ಲಿ, ಅಲ್ಲಿ ಒಂದು ಅಧ್ಯಾಯ ನಲವತ್ತು ಪುಟದ ಆಸುಪಾಸು. ಪುಟದ ಲೆಕ್ಕಕ್ಕೆ ಇಳಿದಾಗ ಅಂತರ ನಾಲ್ಕೈದು ಪಟ್ಟಾಯಿತು.

ಮೊಬೈಲಿನ ಗಡಿಯಾರ ಹಿಡಿದು ನಿಮಿಷಗಳನ್ನೂ ಅಳೆದೆ. ಬ್ರದರ್‌ಹುಡ್‌ನ ಇಪ್ಪತ್ನಾಲ್ಕು ನಿಮಿಷದಲ್ಲಿ ಆರಂಭದ ಹಾಡಿಗೆ ತೊಂಬತ್ತು ಸೆಕೆಂಡು, ಕೊನೆಯ ಹಾಡಿಗೆ ತೊಂಬತ್ತು. ಒನ್ ಪೀಸ್‌ನಲ್ಲಿ ಹಿಂದಿನ ಕಂತಿನ ಕಥೆಯನ್ನು ನೆನಪಿಸುವ ತುಣುಕು ಬೇರೆ. ಡ್ರೆಸ್‌ರೋಸಾ ನೋಡುವಾಗ, ಬೀಳಬೇಕಾದ ಏಟಿಗಿಂತ ಅದನ್ನು ನೋಡಿ ಬಾಯಿ ತೆರೆಯುವವರ ಮುಖಗಳೇ ಹೆಚ್ಚು ಹೊತ್ತು ತೆರೆಯ ಮೇಲಿದ್ದವು. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಅತ್ತೆಯ ಮುಖವನ್ನು ಮೂರು ಕಡೆಯಿಂದ ತೋರಿಸುವುದನ್ನು ನೋಡಿ ಬೆಳೆದವನಿಗೆ ಇದೇನೂ ಹೊಸದಲ್ಲ.

ಆದರೆ ನನ್ನ ಪ್ರಶ್ನೆ ಹ್ಯೂಸ್‌ನದು. 2003ರ ತಂಡದ ಕೈಯಲ್ಲಿ 51 ಕಂತುಗಳಿದ್ದವು. ಮಂಗಾ ಮಾತ್ರ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಇದ್ದ ಸರಕನ್ನು ಹರಡಬೇಕಿತ್ತು, ಇಲ್ಲದ್ದನ್ನು ಸೇರಿಸಬೇಕಿತ್ತು. ಹಾಗಾಗಿ 6ನೇ ಕಂತಿನಲ್ಲಿ ಹ್ಯೂಸ್‌ನ ಮಗಳು ಹುಟ್ಟುವಾಗ ಕಥೆಯ ನಾಯಕರಾದ ಎಲ್ರಿಕ್ ಸಹೋದರರು ಅವನ ಮನೆಯಲ್ಲೇ ಇರುತ್ತಾರೆ. ನಾನು ಆ ಮನೆಯ ನೆಂಟನಾದದ್ದು ಅಲ್ಲಿಯೇ. ನಿಧಾನ ಅಲ್ಲಿ ಯಾರೋ ಯೋಚಿಸಿ ತಂದ ಗುಣವಲ್ಲ, ಸರಕಿನ ಕೊರತೆಯಿಂದ ಒದಗಿದ್ದು ಎಂದು ನನ್ನ ಅನುಮಾನ. ಬ್ರದರ್‌ಹುಡ್‌ಗೆ ಎದುರಾದದ್ದು ಇದಕ್ಕೆ ತದ್ವಿರುದ್ಧ: ಇಡೀ ಕಥೆ ಮುಗಿಸಬೇಕು. ಮಂಗಾ 2010ರ ಜೂನ್‌ನಲ್ಲಿ ಮುಗಿಯಿತು, ಸರಣಿಯ ಕೊನೆಯ ಕಂತು ಜುಲೈ ಮೊದಲ ವಾರದಲ್ಲಿ ಬಂತು. ಆ ಓಟದಲ್ಲಿ ಹಳೆಯ ಸರಣಿ ಆಗಲೇ ಹೇಳಿದ್ದ ಭಾಗವೇ ಕತ್ತರಿಗೆ ಸಿಕ್ಕಿತು. ಗಣಿ ಊರಾದ ಯೂಸ್‌ವೆಲ್‌ನ ಪ್ರಸಂಗವಂತೂ ಅದರ ಜಾಗದಲ್ಲಿ ಇಲ್ಲವೇ ಇಲ್ಲ. ಕೊನೆಯ ಹದಿನೈದಿಪ್ಪತ್ತು ಕಂತುಗಳಲ್ಲಿ ಒಂದೇ ದಿನದ ಹೋರಾಟಕ್ಕೆ ಸಿಕ್ಕ ವಿಸ್ತಾರವನ್ನು ಕಂಡಾಗ, ಮೊದಲು ಉಳಿಸಿದ ಸಮಯ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. 2003ರ ಕೊನೆಗಿಂತ ಅದು ನನಗೆ ಹೆಚ್ಚು ಹಿಡಿಸಿತು, ಒಪ್ಪಿಕೊಳ್ಳುತ್ತೇನೆ.

ತಂಗಿಯ ಮೇಲೆ ಒಂದು ಪ್ರಯೋಗ ಮಾಡಿದೆ. 2003ರ ಮೊದಲ 25 ಕಂತು ತೋರಿಸಿ, ಅಲ್ಲಿಂದ ಬ್ರದರ್‌ಹುಡ್‌ನ 11ನೇ ಕಂತಿಗೆ ದಾಟಿಸಿದೆ. ದಾಟುವಲ್ಲಿ ಒಂದೆರಡು ಎಡವುಗಲ್ಲುಗಳಿವೆ, ಬಾಯಲ್ಲಿ ಹೇಳಿ ಸರಿಪಡಿಸಿದೆ. ಆ 25ನೇ ಕಂತಿನಲ್ಲಿ, ಅಪ್ಪನನ್ನು ಏಕೆ ಮಣ್ಣಿನಲ್ಲಿ ಮುಚ್ಚುತ್ತಿದ್ದಾರೆ ಎಂದು ಹ್ಯೂಸ್‌ನ ಮಗಳು ಕೇಳುವ ಹೊತ್ತಿಗೆ ತಂಗಿ ಎದ್ದು ನೀರು ತರಲು ಅಡುಗೆಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ.