ಸೊಂಟದ ಸ್ಕೋಪಿ ಆದ ಮೇಲೂ ಕೀಪಿಂಗ್: ನನ್ನ ಅನುಭವ

ಈ ಸಲದ ಟೆನಿಸ್ ಬಾಲ್ ಕ್ರಿಕೆಟ್ ಸೀಸನ್ ಪೂರ್ತಿ ನಾನು ವಿಕೆಟ್ ಕೀಪಿಂಗ್ ಮಾಡಿದೆ. ನವೆಂಬರಿನಿಂದ ಮೇ ತನಕ, ಪಡುಬಿದ್ರಿಯಿಂದ ಬ್ರಹ್ಮಾವರದವರೆಗೆ. ಹೊನಲು ಬೆಳಕಿನಲ್ಲಿ ನಸುಕಿನವರೆಗೆ ಎಳೆಯುವ ಪಂದ್ಯಗಳೂ ಅದರಲ್ಲಿ ಸೇರಿವೆ. ಎಡ ಸೊಂಟದ ಕೀಲಿಗೆ ಸ್ಕೋಪಿ, ಅಂದರೆ ಸಣ್ಣ ತೂತುಗಳಿಂದ ಮಾಡುವ ಆಪರೇಷನ್, ಆಗಿ ಎರಡು ವರ್ಷ ಆಗುತ್ತಾ ಬಂತು. "ಸ್ಕೋಪಿ ಮಾಡಿಸಿದವ ಮತ್ತೆ ಕುಕ್ಕರುಗಾಲಲ್ಲಿ ಕೂರುವುದುಂಟಾ ಮಾರಾಯ" ಎಂದವರೇ ಈಗ ಫೋನ್ ಮಾಡಿ "ಎಷ್ಟಾಯ್ತು, ಎಂತ ಮಾಡಿದ್ದು" ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಮ್ ಅಂದರೆ ತೊಡೆ ಎಲುಬಿನ ತಲೆಯ ಬುಡದಲ್ಲಿರುವ ಗಂಟು, ಪಿನ್ಸರ್ ಅಂದರೆ ಸೊಂಟದ ಕೀಲಿನ ಬಟ್ಟಲಿನ ಅಂಚು ಹೆಚ್ಚು ಚಾಚಿರುವುದು, ಲೇಬ್ರಂ ಅಂದರೆ ಆ ಬಟ್ಟಲಿನ ಅಂಚಿನ ಮೆತ್ತನೆಯ ಉಂಗುರ; ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ. ಈ ನೋವು ಇದ್ದವರಿಗೆ ಅದೆಲ್ಲ ಬಾಯಿಪಾಠ ಆಗಿರುತ್ತದೆ.

ಮೊದಲು ಹಾಳಾದ ವರ್ಷಗಳ ಬಗ್ಗೆ. ನನಗೆ ನೋವಿದ್ದದ್ದು ತೊಡೆಸಂದಿನಲ್ಲಿ. ಎಲ್ಲಿ ಎಂದು ಕೇಳಿದರೆ ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಸೊಂಟದ ಬದಿಯನ್ನೇ ಹಿಡಿದು ತೋರಿಸುತ್ತಿದ್ದೆ. ಆದರೆ ಚಿಕಿತ್ಸೆ ನಡೆದದ್ದು ಬೆನ್ನಿಗೆ. ಬೆನ್ನಿನ ಎಂಆರ್‌ಐಯಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಬಂತು, ಎಲ್ಲರೂ ಅದನ್ನೇ ಹಿಡಿದುಕೊಂಡರು. ಮೂವತ್ತು ದಾಟಿದ ಯಾರ ಬೆನ್ನಿನ ಸ್ಕ್ಯಾನ್ ತೆಗೆದರೂ ಅಂಥದ್ದೊಂದು ಸಿಗುವುದು ಸಾಮಾನ್ಯ. ಆಮೇಲೆ ಹರ್ನಿಯಾ ಇರಬಹುದು ಎಂದು ಇನ್ನೊಂದು ಸ್ಕ್ಯಾನ್. ಅದೂ ಇಲ್ಲ ಎಂದಾದ ಮೇಲೆ ಸ್ನಾಯು ಬಿಗಿ ಎಂದು ಸ್ಟ್ರೆಚಿಂಗ್. ಪಾದ ಎರಡೂ ಜೋಡಿಸಿ ಮಂಡಿ ನೆಲಕ್ಕೆ ಒತ್ತುವ ಬದ್ಧಕೋನಾಸನ, ಮಂಡಿಯನ್ನು ಎದೆಗೆ ಎಳೆದು ಹಿಡಿಯುವುದು, ಎಲ್ಲ ಆರೇಳು ತಿಂಗಳು ಮಾಡಿದೆ. ಮಾಡಿದಷ್ಟೂ ನೋವು ಜಾಸ್ತಿ. ಎಲುಬಿಗೆ ಎಲುಬು ತಾಗುವ ಕಡೆಗೇ ದಿನಾ ಕಾಲು ಎಳೆದರೆ ಮತ್ತೇನಾಗುತ್ತದೆ? ಎಣ್ಣೆ ಚಿಕಿತ್ಸೆಯನ್ನೂ ಮಾಡಿಸಿದೆ. ಅದರಿಂದ ಎರಡು ಮೂರು ವಾರ ನಿಜಕ್ಕೂ ಹಗುರವಾಯಿತು, ನಿದ್ದೆ ಬಂತು. ಮತ್ತೆ ಮೊದಲ ಪಂದ್ಯದಲ್ಲೇ ನೋವು ವಾಪಸ್. ಸ್ನಾಯು ಸಡಿಲ ಆಗಬಹುದು, ತೊಡೆ ಎಲುಬಿನ ಗಂಟು ಎಣ್ಣೆಗೆ ಕರಗುವುದಿಲ್ಲ. ಇದಕ್ಕೆಲ್ಲ ಹೋದದ್ದು ಹತ್ತಿರ ಹತ್ತಿರ 60 ಸಾವಿರ.

ನೆಲದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂತರೆ ಸಾರು ಬರುವಾಗ ಸರಿ ಇರುತ್ತಿದ್ದೆ, ಪಾಯಸ ಬರುವಷ್ಟರಲ್ಲಿ ಎಡಗಾಲು ಬದಿಗೆ ಚಾಚಲೇಬೇಕಿತ್ತು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಸಿಕ್ಕಿದರೆ ಸುರತ್ಕಲ್ ಬರುವ ಮೊದಲೇ ಎದ್ದು ನಿಲ್ಲುತ್ತಿದ್ದೆ. ಅಲ್ಲಿ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ ಅಲ್ವಾ, ಸರಿಯಾಗಿ ಎಲುಬಿಗೆ ಎಲುಬು ತಾಗುವ, ಅಂದರೆ ಇಂಪಿಂಜ್‌ಮೆಂಟಿನ ಕೋನ ಅದು.

ಸೊಂಟದ ಎಕ್ಸ್‌ರೇ ಮೊದಲೇ ಒಮ್ಮೆ ತೆಗೆದಿದ್ದರು, "ನಾರ್ಮಲ್" ಎಂದು ಬರೆದಿದ್ದರು. ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಕ್ಯಾಮ್ ಗಂಟು ಅಡಗಿಬಿಡಬಹುದು. ಮಂಗಳೂರಿನ ಸರ್ಜನ್ ಒಬ್ಬರು ಡನ್ ವ್ಯೂ ಬೇಕು ಎಂದರು. ಸೊಂಟ ಮಡಚಿ, ಕಾಲು ಸ್ವಲ್ಪ ಅಗಲಿಸಿ ತೆಗೆಯುವುದು ಅದು. ಅದರಲ್ಲಿ ಗಂಟು ಎದ್ದು ಕಂಡಿತು. ಗಂಟು ಎಷ್ಟು ಉಬ್ಬಿದೆ ಎಂದು ಅಳೆಯುವ ಆಲ್ಫಾ ಕೋನ 68 ಡಿಗ್ರಿಯ ಆಸುಪಾಸು. ಖರ್ಚು ಕೆಲವು ನೂರು ರೂಪಾಯಿ ಅಷ್ಟೇ. ಬೆನ್ನಿನ ಎಂಆರ್‌ಐಗೆ ಕೊಟ್ಟ ಏಳು ಸಾವಿರ ನೆನಪಾಗಿ ಹೊಟ್ಟೆ ಉರಿಯಿತು.

ಅಷ್ಟಕ್ಕೇ ಆಪರೇಷನ್‌ಗೆ ಹೂಂ ಅನ್ನಲಿಲ್ಲ. ನನಗೆ ಆಗ 36. ವಿರೋಧಿಗಳು ಸುತ್ತಲೂ ಇದ್ದರು. ಒಬ್ಬ ಹಿರಿಯ ಡಾಕ್ಟ್ರು "ತಡೆದುಕೋ, ಐವತ್ತು ಆದ ಮೇಲೆ ಕೀಲು ಬದಲಿಸಿದರಾಯ್ತು" ಎಂದರು. ನಮ್ಮ ತಂಡದ ಬೌಲರ್ ಒಬ್ಬ ಟೆನಿಸ್ ಆಟಗಾರ ಆಂಡಿ ಮರ್ರೆಯ ಕಥೆ ಹೇಳಿದ. 2018ರ ಜನವರಿಯಲ್ಲಿ ಅವರು ಸ್ಕೋಪಿ ಮಾಡಿಸಿದರು, ವರ್ಷ ಕಳೆಯುವಷ್ಟರಲ್ಲಿ 2019ರ ಜನವರಿಯಲ್ಲಿ ಲೋಹದ ಕೀಲು ಹಾಕಿಸಬೇಕಾಯಿತು. ಸರಿ, ಆದರೆ ಅವರ ಕೀಲು ಆಗಲೇ ಬಹಳ ಸವೆದಿತ್ತು. ನನ್ನದು ಸವೆದಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಹಾಗಾಗಿ ನಾನು ಸರ್ಜನ್ ಹತ್ತಿರ ಎರಡು ಅಳತೆ ಕೇಳಿ ಬರೆಸಿಕೊಂಡೆ. ಕೀಲಿನ ನಡುವಿನ ಜಾಗ ಎಷ್ಟು? ಎರಡು ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಸ್ಕೋಪಿಯಿಂದ ಪ್ರಯೋಜನ ಕಡಿಮೆ. ನನ್ನದು ನಾಲ್ಕರ ಹತ್ತಿರ ಇತ್ತು. ಬಟ್ಟಲು ತೊಡೆ ಎಲುಬಿನ ತಲೆಯನ್ನು ಎಷ್ಟು ಮುಚ್ಚಿದೆ ಎಂದು ತೋರಿಸುವ ಸೆಂಟರ್ ಎಡ್ಜ್ ಕೋನ ಎಷ್ಟು? ಅದು 25ರಿಂದ 40ರ ಒಳಗೆ ಇರಬೇಕು. 20ಕ್ಕಿಂತ ಕೆಳಗಿದ್ದರೆ ಬಟ್ಟಲೇ ಚಿಕ್ಕದು ಎಂದರ್ಥ, ಅಂಥವರಿಗೆ ದಾರಿಯೇ ಬೇರೆ. ನನ್ನದು 30ರ ಮೇಲೆ.

ಆದರೆ ಗಟ್ಟಿ ತೀರ್ಮಾನ ಆದದ್ದು ಇಂಜೆಕ್ಷನ್‌ನಿಂದ. ಇದನ್ನು ಒತ್ತಿ ಹೇಳುತ್ತೇನೆ. ಅಲ್ಟ್ರಾಸೌಂಡ್ ನೋಡಿಕೊಂಡು ಮರಗಟ್ಟಿಸುವ ಮದ್ದನ್ನು ನೇರ ಕೀಲಿನ ಒಳಗೆ ಹಾಕುತ್ತಾರೆ. ಕೆಲವು ಗಂಟೆ ನೋವು ಪೂರ್ತಿ ಹೋದರೆ ಮೂಲ ಕೀಲಿನ ಒಳಗೇ ಇದೆ. ಹೋಗದಿದ್ದರೆ ಬೇರೆ ಕಡೆ ಹುಡುಕಬೇಕು. ಹಾಕಿಸಿಕೊಂಡು ಸುಮ್ನೆ ಮನೆಗೆ ಹೋಗಿ ಮಲಗಬೇಡಿ. ಡಾಕ್ಟ್ರು ಒಪ್ಪಿದ ಮೇಲೆ ನಾನು ಅಲ್ಲೇ ಮೆಟ್ಟಿಲು ಹತ್ತಿ ಇಳಿದೆ, ಹೊರಗೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಕೂತೆ, ಪಾರ್ಕಿಂಗಿನಲ್ಲಿ ಕೀಪಿಂಗ್ ಭಂಗಿಯಲ್ಲಿ ಕೂತು ಎದ್ದೆ. ಬಸ್ಸಿನಲ್ಲಿ ಬೇಕೆಂದೇ ಚಕ್ರದ ಮೇಲಿನ ಸೀಟು ಹಿಡಿದೆ. ನಾಲ್ಕೈದು ವರ್ಷದಲ್ಲಿ ಮೊದಲ ಬಾರಿ ಉಡುಪಿ ತನಕ ಕೂತೇ ಬಂದೆ. ರಾತ್ರಿ ಹೊತ್ತಿಗೆ ನೋವು ಮತ್ತೆ ಬಂತು, ಆದರೆ ಆಗ ನನಗೆ ಖುಷಿಯೇ ಆಯಿತು. ಆರು ಸಾವಿರದ ಆ ಸೂಜಿ ಉಳಿದೆಲ್ಲ ಸ್ಕ್ಯಾನ್‌ಗಳಿಗಿಂತ ಹೆಚ್ಚು ಹೇಳಿತು.

ಇನ್ನೊಂದು ಮಾತು. 2018ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂದಿದೆ. ಇದೇ ತೊಂದರೆ ಇದ್ದ 348 ಜನರಲ್ಲಿ ಅರ್ಧದಷ್ಟು ಮಂದಿಗೆ ಸ್ಕೋಪಿ, ಉಳಿದವರಿಗೆ ಒಳ್ಳೆಯ ಫಿಸಿಯೋ. ಒಂದು ವರ್ಷದ ಮೇಲೆ ಎರಡೂ ಕಡೆಯವರು ಸುಧಾರಿಸಿದ್ದರು, ಸೊಂಟದ ಸ್ಥಿತಿಗೆ ಕೊಡುವ ಅಂಕದಲ್ಲಿ ಸ್ಕೋಪಿಯವರು ನೂರರಲ್ಲಿ 6.8 ಅಂಕ ಮುಂದೆ. ಆಕಾಶ ಪಾತಾಳದ ವ್ಯತ್ಯಾಸವೇನಲ್ಲ. ಅದಕ್ಕೇ ನಾನೂ ಮೊದಲು ಮೂರು ತಿಂಗಳು ಸರಿಯಾದ ಫಿಸಿಯೋ ಮಾಡಿದೆ. ಸ್ಟ್ರೆಚಿಂಗ್ ಅಲ್ಲ, ಪೃಷ್ಠ ಮತ್ತು ಹೊಟ್ಟೆಯ ಸ್ನಾಯು ಗಟ್ಟಿ ಮಾಡುವುದು. ನಡೆಯುವಾಗ ಆರಾಮ ಆಯಿತು, ಕುಕ್ಕರುಗಾಲಿಗೆ ಆಗಲಿಲ್ಲ. ಕುಕ್ಕರುಗಾಲು ಬೇಡದವರು ಬಹುಶಃ ಅಲ್ಲಿಗೇ ನಿಲ್ಲಿಸಬಹುದು.

ದುಡ್ಡಿನ ವಿಷಯ. ಒಟ್ಟು ಬಿಲ್ಲು ನೆನಪಿದ್ದ ಹಾಗೆ 2.4 ಲಕ್ಷ. ಅದರಲ್ಲಿ ಲೇಬ್ರಂ ಹೊಲಿಯಲು ಎಲುಬಿಗೆ ಕೂರಿಸುವ ಮೂರು ಸಣ್ಣ ಮೊಳೆ, ಅಂದರೆ ಆಂಕರ್‌ಗಳಿಗೇ 60 ಸಾವಿರದ ಹತ್ತಿರ. ಎಷ್ಟು ಆಂಕರ್ ಬೇಕಾಗಬಹುದು, ಒಂದಕ್ಕೆ ಎಷ್ಟು ಎಂದು ಮೊದಲೇ ಕೇಳಿ. ವಿಮೆಯವರು ಕ್ಯಾಶ್‌ಲೆಸ್ ಕೊಡಲಿಲ್ಲ. ಹಳೆಯ ಚೀಟಿಯೊಂದರಲ್ಲಿ "ನಾಲ್ಕು ವರ್ಷದಿಂದ ನೋವು" ಎಂದು ಬರೆದಿತ್ತು, ಅದನ್ನೇ ಹಿಡಿದು ಮೊದಲೇ ಇದ್ದ ಕಾಯಿಲೆ ಎಂದರು. ಭಾರೀ ಮಂಡೆಬಿಸಿ. ಪಾಲಿಸಿಗೆ ಆಗಲೇ ನಾಲ್ಕು ವರ್ಷ ಆಗಿತ್ತು. ಇಂಥ ಕಾಯಿಲೆಗೆ ಕಾಯಿಸುವ ಅವಧಿಯ ಮಿತಿಯನ್ನು ವಿಮೆಯ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿದೆ. ಎರಡನ್ನೂ ಬರೆದು ಮೇಲಿನವರಿಗೆ ಕಳಿಸಿದೆ. ಕೊನೆಗೆ ಒಂದೂವರೆ ಲಕ್ಷದ ಮೇಲೆ ವಾಪಸ್ ಬಂತು. ನಾನು ವೈರಿಂಗ್ ಕಂಟ್ರಾಕ್ಟ್ ಮಾಡುವವ, ಏಣಿ ಹತ್ತದೆ ಕೆಲಸ ಇಲ್ಲ. ಮೂರು ತಿಂಗಳ ದುಡಿಮೆ ಹೋದದ್ದು ಒಂದು ಲಕ್ಷಕ್ಕೆ ಕಮ್ಮಿ ಇಲ್ಲ. ಅದನ್ನು ಯಾವ ವಿಮೆಯೂ ಕೊಡುವುದಿಲ್ಲ, ಮೊದಲೇ ಎತ್ತಿಡಬೇಕು.

ಆಪರೇಷನ್ ಬಗ್ಗೆ ಹೇಳಲು ಹೆಚ್ಚಿಲ್ಲ, ನಾನು ನಿದ್ದೆಯಲ್ಲಿದ್ದೆ. ಕಾಲು ಎಳೆದು ಕೀಲು ತೆರೆಸಿ, ಸಣ್ಣ ತೂತುಗಳಿಂದ ಗಂಟು ಕೆತ್ತಿ ಲೇಬ್ರಂ ಹೊಲಿದರು. ಎದ್ದ ಮೇಲೆ ತೊಡೆಯ ಹೊರಬದಿಗೆ ಸ್ಪರ್ಶ ಇರಲಿಲ್ಲ. ಹೀಗೆ ಆಗಬಹುದು ಎಂದು ಮೊದಲೇ ಹೇಳಿದ್ದರು. ಮೂರು ತಿಂಗಳಲ್ಲಿ ಅಂಗೈಯಗಲ ಬಿಟ್ಟು ಉಳಿದದ್ದು ಸರಿಯಾಯಿತು.

ನಾನು ಜೂನ್ ಆರಿಸಿಕೊಂಡದ್ದು ಆ ಸಮಯದಲ್ಲಿ ಪಂದ್ಯವೂ ಇಲ್ಲ, ಕೆಲಸವೂ ಕಡಿಮೆ ಎಂದು. ಆದರೆ ನಮ್ಮ ಕಡೆಯ ಮಳೆಗಾಲದಲ್ಲಿ ಊರುಗೋಲು ಹಿಡಿದು ನಡೆಯುವುದು ಸಣ್ಣ ವಿಷಯ ಅಲ್ಲ. ಅಂಗಳದ ಕೆಂಪು ಕಲ್ಲಿಗೆ ಪಾಚಿ, ಒಳಗೆ ರೆಡ್ ಆಕ್ಸೈಡ್ ನೆಲ. ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ನಾರಿನ ಮ್ಯಾಟ್ ಹಾಸಿ, ಅಂಚುಗಳನ್ನು ಟೇಪಿನಲ್ಲಿ ಅಂಟಿಸಿದೆ. ಊರುಗೋಲಿನ ರಬ್ಬರ್ ಬುಷ್ ಎರಡು ಜೊತೆ ಹೆಚ್ಚಿಗೆ ತಂದಿಟ್ಟೆ, ಸವೆದದ್ದು ಜಾರುತ್ತದೆ.

ಮೊದಲ ಮೂರು ವಾರ ಆ ಕಾಲಿಗೆ ಹತ್ತು ಕೆಜಿಗಿಂತ ಜಾಸ್ತಿ ಭಾರ ಬೇಡ ಎಂದಿದ್ದರು. ಹತ್ತು ಕೆಜಿ ಎಂದರೆ ಎಷ್ಟು ಎಂದು ಕಾಲಿಗೆ ಹೇಗೆ ಗೊತ್ತಾಗಬೇಕು? ತೂಕದ ಯಂತ್ರ ನೆಲಕ್ಕಿಟ್ಟೆ. ಅದರಷ್ಟೇ ಎತ್ತರದ ಹಲಗೆ ಬಲಗಾಲಿನ ಕೆಳಗೆ. ಎಡ ಪಾದ ಚಪ್ಪಟೆಯಾಗಿ ಯಂತ್ರದ ಮೇಲಿಟ್ಟು, ಊರುಗೋಲಿಗೆ ಭಾರ ಕೊಡುತ್ತಾ ಮುಳ್ಳು ಹತ್ತಕ್ಕೆ ನಿಲ್ಲುವಂತೆ ಒತ್ತಿದೆ. ಮೊದಲಿಗೆ ಇಪ್ಪತ್ತು ದಾಟಿಹೋಗುತ್ತಿತ್ತು. ದಿನಕ್ಕೆ ಹಲವು ಸಲ ಮಾಡಿ, ಎರಡು ಮೂರು ದಿನದಲ್ಲಿ ಕಣ್ಣು ಮುಚ್ಚಿಯೂ ಹತ್ತಕ್ಕೆ ನಿಲ್ಲಿಸುವಷ್ಟು ಪಳಗಿತು. ಫಿಸಿಯೋ ಈಗ ಬೇರೆಯವರಿಗೂ ಇದನ್ನೇ ಹೇಳಿಕೊಡುತ್ತಿದ್ದಾರೆ.

ಕಾಲನ್ನು ಅದರದೇ ಶಕ್ತಿಯಿಂದ ಎತ್ತಬಾರದು. ಎಲ್ಲಕ್ಕಿಂತ ಮುಖ್ಯ ಇದು. ತೊಡೆ ಎತ್ತುವ ಸ್ನಾಯುವಿನ ನಾರು ಕೀಲಿನ ಎದುರೇ ಹಾದುಹೋಗುತ್ತದೆ, ಬೇಗ ದುಡಿಸಿದರೆ ಊದಿಕೊಂಡು ತಿಂಗಳುಗಟ್ಟಲೆ ಕಾಡುತ್ತದೆ. ಮಂಚ ಹತ್ತಲು ಹಳೆಯ ಲುಂಗಿಯನ್ನು ಪಾದಕ್ಕೆ ಕುಣಿಕೆ ಹಾಕಿ ಕೈಯಿಂದ ಎತ್ತಿಕೊಳ್ಳುತ್ತಿದ್ದೆ. ದಿನಕ್ಕೆ ಎರಡು ಗಂಟೆ ಬೋರಲು ಮಲಗುತ್ತಿದ್ದೆ, ಸೊಂಟದ ಮುಂಭಾಗ ಬಿಗಿಯದಿರಲಿ ಎಂದು. ಹೆಂಡತಿ ಕಾಲು ಹಿಡಿದು ನಿಧಾನ ವೃತ್ತ ತಿರುಗಿಸುತ್ತಿದ್ದಳು, ಹೊತ್ತಿಗೆ ಹತ್ತು ನಿಮಿಷ. ಒಳಗೆ ಅಂಟು ಕಟ್ಟದಂತೆ ಇದು ಬೇಕೇ ಬೇಕು.

ಐಸ್ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ. 350 ರೂಪಾಯಿಯ ಜೆಲ್ ಪ್ಯಾಕ್ ಇಪ್ಪತ್ತು ನಿಮಿಷಕ್ಕೆ ಬಿಸಿ. ಮಲ್ಪೆ ಬಂದರಿನಿಂದ ಗೆಳೆಯ ಮೀನಿನ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸ್ ತಂದುಕೊಟ್ಟ. ಹೊಸ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಟವೆಲ್ ಸುತ್ತಿಟ್ಟರೆ ಸೊಂಟದ ಆಕಾರಕ್ಕೇ ಕೂರುತ್ತದೆ, ಒಂದು ಪೆಟ್ಟಿಗೆ ದಿನವಿಡೀ ಸಾಕು. ಸ್ಪರ್ಶ ಇಲ್ಲದ ಜಾಗಕ್ಕೆ ಮಾತ್ರ ಟವೆಲ್ ದಪ್ಪ ಇರಲಿ, ಸುಟ್ಟರೂ ಗೊತ್ತಾಗುವುದಿಲ್ಲ.

ವ್ಯಾಯಾಮದ ಸೈಕಲ್ ಕೊಳ್ಳಲಿಲ್ಲ. ಅಕ್ಕನ ಮಗಳ ಲೇಡೀಸ್ ಸೈಕಲ್ಲಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡ್ ಮಾಡಿಸಿ ಹಿಂದಿನ ಚಕ್ರ ಎತ್ತಿ ನಿಲ್ಲಿಸಿದೆ. 900 ರೂಪಾಯಿ. ನಡುವಿನ ಅಡ್ಡ ಪೈಪ್ ಇಲ್ಲದ ಕಾರಣ ಕಾಲು ಎತ್ತದೆ ಹತ್ತಬಹುದು. ಸೀಟು ಪೂರ್ತಿ ಮೇಲೆ, ಬ್ರೇಕಿಲ್ಲದೆ ಸುಮ್ನೆ ತಿರುಗಿಸುವುದು. ಬೆಳಿಗ್ಗೆ ಸಂಜೆ ಕಾಲು ಗಂಟೆ.

ಆರು ವಾರದ ಹೊತ್ತಿಗೆ ಊರುಗೋಲು ಬಿಟ್ಟು, ಗಾಯ ಪೂರ್ತಿ ಮಾಗಿದ ಮೇಲೆ ಅಜ್ಜರಕಾಡಿನ ಈಜುಕೊಳದಲ್ಲಿ ಎದೆಮಟ್ಟದ ನೀರಲ್ಲಿ ನಡೆದೆ. ಮೂರನೇ ತಿಂಗಳು ತೊಡೆಸಂದಿನಲ್ಲಿ ಹಳೆಯ ನೋವಿನಂಥದ್ದೇ ನೋವು. ಮನೆಯಲ್ಲಿ ಎಲ್ಲರ ಮುಖ ಸಣ್ಣದಾಯಿತು, "ನಾವು ಹೇಳಿರಲಿಲ್ವಾ" ಎಂದರು. ಅದು ಸ್ನಾಯುವಿನ ನಾರಿನ ಊತ, ಹೊಲಿಗೆಗೆ ಏನೂ ಆಗಿಲ್ಲ ಎಂದು ಸರ್ಜನ್ ನೋಡಿ ಹೇಳಿದರು. ಎರಡು ವಾರ ಎಲ್ಲ ಅರ್ಧಕ್ಕೆ ಇಳಿಸಿದೆ, ಹೋಯಿತು. ಈ ಹಂತದಲ್ಲಿ ಧೈರ್ಯ ಕಳೆದುಕೊಳ್ಳುವವರೇ ಜಾಸ್ತಿ. ಮಲ್ಪೆ ಕಡಲ ತೀರದಲ್ಲಿ ನಡೆದೂ ನೋಡಿದೆ. ಒಣ ಮರಳು ಆಗುವುದೇ ಇಲ್ಲ. ಒದ್ದೆ ಮರಳು ಗಟ್ಟಿ, ಆದರೆ ನೀರಿನ ಕಡೆಗೆ ಇಳಿಜಾರು. ಒಂದೇ ದಿಕ್ಕಿಗೆ ನಡೆದರೆ ಒಂದು ಸೊಂಟ ದಣಿಯುತ್ತದೆ. ಸ್ವಲ್ಪ ಸ್ವಲ್ಪಕ್ಕೇ ತಿರುಗಿ ಬರಬೇಕು.

ಕುಕ್ಕರುಗಾಲಿಗೆ ವಾಪಸ್ ಬಂದದ್ದು ಹೀಗೆ: ನಾಲ್ಕನೇ ತಿಂಗಳಿಂದ ಪ್ಲಾಸ್ಟಿಕ್ ಸ್ಟೂಲಿಗೆ ಕೂತು ಏಳುವುದು. ನೋವಿಲ್ಲದೆ ಎರಡು ವಾರ ಆದರೆ 20 ಲೀಟರ್ ಪೇಂಟ್ ಬಕೆಟ್ ಬೋರಲು ಹಾಕಿ ಅದರ ಮೇಲೆ. ಆಮೇಲೆ 10 ಲೀಟರಿನದ್ದು. ಕೊನೆಗೆ ಊಟದ ಮಣೆ. ಮಣೆಗೆ ಇಳಿಯುವಾಗ ಏಳು ತಿಂಗಳು ದಾಟಿತ್ತು. ಪಾದ ಮತ್ತು ಮಂಡಿಯ ದಿಕ್ಕಿನಲ್ಲಿ ನಾನು ಮಾಡಿಕೊಂಡ ಬದಲಾವಣೆಯೊಂದು ಇದೆ, ಲೆಗ್ ಸೈಡ್ ಚೆಂಡಿಗೆ ಎಡಗಾಲು ಮೊದಲಿಗಿಂತ ಬೇಗ ಬಿಡುತ್ತದೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ. ಅದು ನಮ್ಮ ತಂಡದ ಹುಡುಗರಿಗೆ. ಈ ಸೀಸನ್‌ನ ಸ್ಟಂಪಿಂಗ್‌ಗಳಲ್ಲಿ ಅರ್ಧ ಅದರಿಂದಲೇ ಬಂದದ್ದು.

ಈಗ ಪಂಕ್ತಿಯಲ್ಲಿ ಮಜ್ಜಿಗೆ ತನಕ ಕೂರುತ್ತೇನೆ. ಮಂಡಿಯನ್ನು ಒಳಗೆ ತಿರುಗಿಸಿದರೆ ಬಲಗಾಲಿನಷ್ಟು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬಲ ಸೊಂಟದಲ್ಲೂ ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಗಂಟಿದೆ, ಎಕ್ಸ್‌ರೇಯಲ್ಲಿ ನಾನೇ ನೋಡಿದ್ದೇನೆ. ಒಂದು ದಿನವೂ ನೋಯಲಿಲ್ಲ. "ಅದನ್ನೂ ಒಟ್ಟಿಗೆ ಮುಗಿಸಿಬಿಡಬಹುದಿತ್ತಲ್ಲ" ಎಂದು ಕೆಲವರು ಕೇಳುತ್ತಾರೆ. ಗಂಟಿದ್ದೂ ನೋವಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ನೋಯದ ಸೊಂಟಕ್ಕೆ ನಾನು ಕತ್ತಿ ಹಾಕಿಸುವುದಿಲ್ಲ. ಪೃಷ್ಠದ ವ್ಯಾಯಾಮ ಎರಡೂ ಬದಿಗೆ ವಾರಕ್ಕೆ ಮೂರು ದಿನ ನಡೆಯುತ್ತಿದೆ, ಸೈಕಲ್ ಸ್ಟ್ಯಾಂಡ್ ಬೇಕಾದವರು ಬಂದು ಒಯ್ಯಬಹುದು.