ಪಂಚಾಯಿತಿ ಮತಪತ್ರಗಳ ಮರುಪರಿಶೀಲನೆ: ಅರ್ಜಿಯಿಂದ ಅರಗಿನವರೆಗೆ

ಗ್ರಾಮ ಪಂಚಾಯಿತಿ ಚುನಾವಣಾ ತಕರಾರು ಅರ್ಜಿಗಳಲ್ಲಿ ಮತಪತ್ರದ ಕಟ್ಟು ಕೋರ್ಟಿನಲ್ಲಿ ಬಿಚ್ಚುವ ಹಂತ ತಲುಪುವುದೇ ಕಡಿಮೆ. ಸೋಲು ಅರ್ಜಿ ಬರೆಯುವಾಗಲೇ ಆಗಿರುತ್ತದೆ. ‘ಎಣಿಕೆ ಸರಿಯಾಗಿ ನಡೆಯಲಿಲ್ಲ, ನನ್ನ ಮತಗಳನ್ನು ಬೇಕಂತಲೇ ತಿರಸ್ಕರಿಸಿದರು’ ಎಂದಷ್ಟೇ ಬರೆದರೆ ಯಾವ ನ್ಯಾಯಾಧೀಶರೂ ಮತಪತ್ರ ತರಿಸುವುದಿಲ್ಲ. ಮತದ ಗೋಪ್ಯತೆ ಅಡ್ಡ ಬರುತ್ತದೆ. 1964ರ ರಾಮ್ ಸೇವಕ್ ಯಾದವ್ ತೀರ್ಪಿನಿಂದಲೂ ಸುಪ್ರೀಂ ಕೋರ್ಟ್ ಕೇಳುತ್ತಿರುವುದು ಎರಡು: ಅರ್ಜಿಯಲ್ಲಿ ಖಚಿತ ಸಂಗತಿಗಳಿರಬೇಕು, ಮತಪತ್ರ ನೋಡದೆ ನ್ಯಾಯ ತೀರದು ಎಂದು ಮೇಲ್ನೋಟಕ್ಕೆ ಮನವರಿಕೆಯಾಗಬೇಕು. ಎರಡೇ ಮತದಲ್ಲಿ ಸೋತೆ ಎನ್ನುವುದು ಕರುಣಾಜನಕ, ಅಷ್ಟೇ. ಅದೊಂದೇ ಮರುಎಣಿಕೆಗೆ ಆಧಾರವಾಗದು.

ಹಾಗಾಗಿ ಕಕ್ಷಿದಾರರು ಬಂದ ಕೂಡಲೇ ನಾನು ಮಾತಾಡುವುದು ಅವರ ಎಣಿಕೆ ಏಜೆಂಟರ ಜೊತೆ. ಯಾವ ಮತಗಟ್ಟೆ, ಯಾವ ಟೇಬಲ್, ಎಷ್ಟು ಮತಪತ್ರ, ಏನು ಕಾರಣ ಹೇಳಿ ತೆಗೆದಿಟ್ಟರು, ಆಗ ಆಕ್ಷೇಪ ಎತ್ತಿದ್ದು ಯಾರು, ಫಲಿತಾಂಶ ಘೋಷಿಸುವ ಮೊದಲು ಚುನಾವಣಾಧಿಕಾರಿಗೆ ಮರುಎಣಿಕೆಗೆ ಲಿಖಿತ ಅರ್ಜಿ ಕೊಟ್ಟಿದ್ದರೇ? ಆ ಅರ್ಜಿ ಇಲ್ಲದಿದ್ದರೆ ಪಾಟಿ ಸವಾಲಿನಲ್ಲಿ ಮೊದಲ ಪ್ರಶ್ನೆಯೇ ‘ಆಗ ಯಾಕೆ ಸುಮ್ಮನಿದ್ದಿರಿ?’ ಎಂಬುದು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ 15ನೇ ಸೆಕ್ಷನ್ ಪ್ರಕಾರ ಫಲಿತಾಂಶ ಘೋಷಣೆಯಾದ 30 ದಿನದೊಳಗೆ ಅರ್ಜಿ ಹಾಕಬೇಕು. ತಡ ಮನ್ನಿಸಿ ಎಂಬ ಅರ್ಜಿಯನ್ನು ನಂಬಿ ಕೂರಬಾರದು. ಕಣದಲ್ಲಿದ್ದ ಎಲ್ಲರನ್ನೂ ಪ್ರತಿವಾದಿಗಳಾಗಿ ಸೇರಿಸುತ್ತೇನೆ. ಮತಪತ್ರ ನಾಶ ಮಾಡದೆ ಕಾಯ್ದಿಡಲು ಆದೇಶ ಕೋರಿ ಮಧ್ಯಂತರ ಅರ್ಜಿಯನ್ನು ಅದೇ ದಿನ ಹಾಕುತ್ತೇನೆ, ಯಾಕೆಂದರೆ ಅವಧಿ ಮುಗಿದ ಮೇಲೆ ಅವನ್ನು ನಾಶಪಡಿಸಲು ನಿಯಮವೇ ಅವಕಾಶ ಕೊಡುತ್ತದೆ.

ಸಾಕ್ಷ್ಯಕ್ಕೆ ಮುಂಚೆಯೇ ಮರುಎಣಿಕೆ ಆದೇಶ ಸಿಕ್ಕಿಬಿಟ್ಟರೆ ಹಿಗ್ಗುವವರಿದ್ದಾರೆ. ಅದು ಅಪಾಯ. ತಮಿಳುನಾಡಿನ ಒಂದು ಪಂಚಾಯಿತಿ ಅಧ್ಯಕ್ಷ ಸ್ಥಾನದ ಶಂಸುದ್ದೀನ್ ಪ್ರಕರಣದಲ್ಲಿ (1989) ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಮರುಎಣಿಕೆಯಲ್ಲಿ ಏನು ಸಿಕ್ಕಿತು ಎಂಬುದನ್ನು ತೋರಿಸಿ ಮರುಎಣಿಕೆಯ ಆದೇಶವನ್ನು ಸಮರ್ಥಿಸಲಾಗದು. ಬುಡ ಗಟ್ಟಿಯಿಲ್ಲದ ಆದೇಶದಿಂದ ಬಂದ ಗೆಲುವು ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಕನಿಷ್ಠ ಅರ್ಜಿದಾರರ ಮತ್ತು ಒಬ್ಬ ಏಜೆಂಟರ ಸಾಕ್ಷ್ಯ ಮುಗಿದ ಮೇಲೆ ಕೇಳುವುದೇ ಕ್ಷೇಮ.

ಕಟ್ಟು ಬಿಚ್ಚುವ ದಿನ ಮೊದಲು ಸೀಲು ನೋಡಿ. ಅರಗು ಒಡೆದಿದ್ದರೆ, ದಾರ ಸಡಿಲವಿದ್ದರೆ ಬಿಚ್ಚುವ ಮುಂಚೆಯೇ ದಾಖಲಾಗಬೇಕು. ಆಮೇಲೆ ತಿರಸ್ಕೃತ ಮತಗಳ ಕಟ್ಟನ್ನು ಪ್ರತ್ಯೇಕವಾಗಿ ಎತ್ತಿಕೊಂಡು ಒಂದೊಂದನ್ನೇ ನೋಡಿಸುತ್ತೇನೆ. ಜನರ ಬಾಯಲ್ಲಿ ಇವೆಲ್ಲ ‘ಕುಲಗೆಟ್ಟ ಮತ’. ಎಲ್ಲವೂ ಕುಲಗೆಟ್ಟಿರುವುದಿಲ್ಲ.

ಹೆಚ್ಚು ಜಗಳ ಬರುವುದು ಎರಡು ಗುರುತು ಕಾಣುವ ಮತಪತ್ರದಲ್ಲಿ. ಮಡಚಿದಾಗ ಹಸಿ ಶಾಯಿ ಎದುರು ಮಗ್ಗುಲಿಗೆ ಅಂಟುತ್ತದೆ. ಮತ ಒತ್ತುವ ಸೀಲಿನ ಅಡ್ಡಗುರುತಿನ ತೋಳುಗಳು ಒಂದೇ ದಿಕ್ಕಿಗೆ ತಿರುಗಿರುವುದರಿಂದ ಅಂಟಿದ ನಕಲಿನಲ್ಲಿ ಅವು ಉಲ್ಟಾ ಕಾಣುತ್ತವೆ, ಬಣ್ಣವೂ ತೆಳು. ಹಳೆಯ ಮಡಿಕೆಯ ಗೆರೆಯಲ್ಲೇ ಮತ್ತೆ ಮಡಚಿ ನೋಡಿದರೆ ಎರಡೂ ಒಂದರ ಮೇಲೊಂದು ಕೂರಬೇಕು. ಕೂತರೆ ಮತ ಒಂದೇ, ಅದು ಸಿಂಧು. ಗುರುತು ಒಬ್ಬ ಅಭ್ಯರ್ಥಿಯ ಮನೆಯಲ್ಲೂ (ಮತಪತ್ರದಲ್ಲಿ ಅವರಿಗಿರುವ ಚೌಕ) ಸ್ವಲ್ಪ ಖಾಲಿ ಪಟ್ಟಿಯಲ್ಲೂ ಬಿದ್ದಿದ್ದರೆ ಆ ಅಭ್ಯರ್ಥಿಗೇ ಸಲ್ಲುತ್ತದೆ. ಇಬ್ಬರ ಮನೆಗೂ ಚಾಚಿದ್ದರೆ ಹೋಯಿತು. ಬೆರಳಿನ ಶಾಯಿ ಅಕಸ್ಮಾತ್ ತಾಗಿದ್ದಕ್ಕೂ ಸ್ಪಷ್ಟ ಹೆಬ್ಬೆಟ್ಟಿನ ಗುರುತಿಗೂ ವ್ಯತ್ಯಾಸವಿದೆ. ಎರಡನೆಯದರಿಂದ ಮತದಾರ ಯಾರೆಂದು ತಿಳಿಯಬಹುದು, ಹಾಗಾಗಿ ಅದು ಅಸಿಂಧು. ಹಿಂಬದಿಯಲ್ಲಿ ಮತಗಟ್ಟೆ ಅಧಿಕಾರಿಯ ಸಹಿ ಇಲ್ಲದಿದ್ದರೆ, ಆ ತಪ್ಪು ಯಾರದು ಎಂದು ಮೊದಲು ನೋಡಬೇಕು. ಲೋಕಸಭೆ, ವಿಧಾನಸಭೆಗೆ ಅನ್ವಯಿಸುವ 1961ರ ಚುನಾವಣಾ ನಿಯಮಗಳ 56ನೇ ನಿಯಮ ಅಧಿಕಾರಿಯ ತಪ್ಪಿಗೆ ಮತದಾರನನ್ನು ದಂಡಿಸುವುದಿಲ್ಲ. ಪಂಚಾಯಿತಿಗೆ ಬೇರೆಯೇ ನಿಯಮಾವಳಿ ಇದೆ. ವಾದಕ್ಕೆ ನಿಲ್ಲುವಾಗ ಅದರ ಪಠ್ಯ ಕೈಯಲ್ಲಿರಲಿ.

ಚಂಡೀಗಢ ಮೇಯರ್ ಪ್ರಕರಣವನ್ನು ಈಗ ಎಲ್ಲರೂ ಉಲ್ಲೇಖಿಸುತ್ತಾರೆ. 2024ರ ಜನವರಿ 30ರಂದು ಚಲಾವಣೆಯಾದ 36 ಮತಗಳಲ್ಲಿ 8ನ್ನು ತಿರಸ್ಕರಿಸಿ 16–12ರಲ್ಲಿ ಫಲಿತಾಂಶ ಘೋಷಿಸಿದ್ದರು. ಫೆಬ್ರವರಿ 20ರಂದು ಸುಪ್ರೀಂ ಕೋರ್ಟ್ ಆ 8 ಮತಪತ್ರ ತರಿಸಿ ನೋಡಿತು. ಎಂಟೂ ಸೋತವರೆಂದು ಘೋಷಿತರಾದ ಕುಲದೀಪ್ ಕುಮಾರ್ ಅವರಿಗೇ ಬಿದ್ದಿದ್ದವು; ಅವುಗಳ ಮೇಲಿನ ಶಾಯಿ ಗೀಟು ಚುನಾವಣಾಧಿಕಾರಿಯೇ ಎಳೆದದ್ದು. ಹನ್ನೆರಡಕ್ಕೆ ಎಂಟು ಕೂಡಿ ಇಪ್ಪತ್ತಾಯಿತು. ಆದರೆ ಅಲ್ಲಿ ಎಣಿಕೆಯ ವಿಡಿಯೋ ಇತ್ತು. ನಮ್ಮ ಹೋಬಳಿ ಮಟ್ಟದ ಅರ್ಜಿಗೆ ಅದನ್ನು ಹಾಗೇ ಅಂಟಿಸಿದರೆ ಕೆಲಸ ಆಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು ಎರಡು, ಮೂರು ಸ್ಥಾನಗಳಿರುವ ವಾರ್ಡು. ಸ್ಥಾನ ಎಷ್ಟೋ ಮತದಾರನಿಗೆ ಮತ ಅಷ್ಟು, ಒಬ್ಬ ಅಭ್ಯರ್ಥಿಗೆ ಹಾಕುವುದು ಒಂದೇ. ಒಂದೇ ಮತಪತ್ರದಲ್ಲಿ ಇಬ್ಬರಿಗೆ ಮತ ಇರುವಾಗ ಅಭ್ಯರ್ಥಿವಾರು ಕಟ್ಟು ಕಟ್ಟಿ ಎಣಿಸಲಾಗದು, ಹಾಳೆಯ ಮೇಲೆ ಗೀಟು ಹಾಕುತ್ತಾ ಹೋಗಬೇಕು. ತಪ್ಪು ನುಸುಳುವುದೇ ಅಲ್ಲಿ: ಕೂಗಿದ್ದು ಒಬ್ಬರ ಹೆಸರು, ಗೀಟು ಬಿದ್ದದ್ದು ಕೆಳಗಿನ ಸಾಲಿಗೆ. ಇಂಥ ವಾರ್ಡಿನಲ್ಲಿ ತಿರಸ್ಕೃತ ಮತಕ್ಕಿಂತ ಮೊದಲು ಗೀಟಿನ ಹಾಳೆಯನ್ನೇ ಕೋರ್ಟಿಗೆ ತರಿಸಿ ಎಂದು ಕೇಳುತ್ತೇನೆ.

ಎಣಿಕೆ ಮುಗಿದ ಮೇಲೆ ವಿವಾದಿತ ಮತಪತ್ರಗಳಿಗೆ ಕ್ರಮಸಂಖ್ಯೆ ಹಾಕಿದ ಪಟ್ಟಿ ಆಗಬೇಕು; ಅದರಲ್ಲಿ ಎರಡೂ ಕಡೆಯ ಆಕ್ಷೇಪ, ನ್ಯಾಯಾಧೀಶರ ನಿರ್ಧಾರ ಒಂದೇ ಸಾಲಿನಲ್ಲಿರಲಿ. ಸಂಖ್ಯೆಯನ್ನು ಮತಪತ್ರದ ಮೇಲೆ ಬರೆಯಬಾರದು, ಲಕೋಟೆಯ ಮೇಲೆ ಮಾತ್ರ. ಎರಡೂ ಕಡೆಯ ವಕೀಲರ ಸಹಿ ಬಿದ್ದ ಮೇಲೆ ಮತ್ತೆ ಅರಗಿನ ಸೀಲು. ಆ ಪಟ್ಟಿಯ ದೃಢೀಕೃತ ನಕಲಿಗೆ ಅಂದೇ ಅರ್ಜಿ ಕೊಟ್ಟು ಬನ್ನಿ.