ಮಗ್ಗುಲು ಬದಲಿಸಲು ನಾಲ್ಕು ಕೈ ಬೇಕು

ಒಂದೇ ಮಗ್ಗುಲಲ್ಲಿ ಮಲಗಿ ಒತ್ತಡಕ್ಕೆ ಆಗುವ ಹುಣ್ಣು, ಅಂದರೆ ಬೆಡ್ ಸೋರ್ ಆಯಿತೆಂದರೆ ಮನೆಯವರು ಮೊದಲು ವಿಚಾರಿಸುವುದು ಏರ್ ಬೆಡ್. ದೀರ್ಘಕಾಲದ ಆರೈಕೆಯ ವಾರ್ಡು ನೋಡಿಕೊಳ್ಳುವ ನಾನು ಮೊದಲು ತೆಗೆಯುವುದು ಡ್ಯೂಟಿ ಪಟ್ಟಿ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಬ್ಬರು ಆಯಾಗಳು ಸೇರಿ ಒಬ್ಬರಿಗೆ 6 ನಿಮಿಷ ಎಂದು ಹಿಡಿದರೂ ಹತ್ತು ಜನಕ್ಕೆ ಒಂದು ಗಂಟೆ. ಅಲ್ಲಿಗೆ ಪಾಳಿಯ ಅರ್ಧ ಸಮಯ ಇದಕ್ಕೇ ಹೋಯಿತು. ಡೈಪರ್, ಫೀಡ್, ಯೂರಿನ್ ಬ್ಯಾಗ್ ಎಲ್ಲ ಉಳಿದರ್ಧದಲ್ಲಿ. ರಾತ್ರಿ ಒಬ್ಬರನ್ನೇ ಹಾಕಿದರೆ ಹೊರಳಿಸಿದ ಗಂಟೆ ಬರೆಯುವ ಚಾರ್ಟಿನಲ್ಲಿ 10, 12, 2, 4 ಎಂದು ಬೆಳಿಗ್ಗೆ ಒಟ್ಟಿಗೆ ತುಂಬಿರುತ್ತಾರೆ. ಆಯಾಗಳನ್ನು ಬೈದು ಏನು ಬಂತು, ಲೆಕ್ಕವೇ ಕೂಡುವುದಿಲ್ಲವಲ್ಲ!

ಅದಕ್ಕೇ ಕೋಣೆಗೊಬ್ಬರು ಎನ್ನುವ ಬದಲು ಅಕ್ಕಪಕ್ಕದ ಎರಡು ಕೋಣೆಗೆ ಒಂದು ಜೋಡಿ ಹಾಕುತ್ತೇನೆ. ಚಾರ್ಟಿನಲ್ಲಿ ಗಂಟೆಯ ಜೊತೆ ಎಡ, ಬಲ, ನೇರ ಎಂದೂ ಬರೆಯಬೇಕು. ರೌಂಡ್ಸ್ ಹೋದಾಗ ಚಾರ್ಟು ಎಡ ಎನ್ನುತ್ತಿದ್ದು ರೋಗಿ ಬಲಕ್ಕಿದ್ದರೆ ಬೇರೇನೂ ಕೇಳಬೇಕಿಲ್ಲ.

ಹೊರಳಿಸುವಾಗ ಕಂಕುಳಿಗೆ ಕೈಕೊಟ್ಟು ಎಳೆಯಬಾರದು. ಭುಜಕ್ಕೆ ನೋವು, ಬೆನ್ನಿನ ಚರ್ಮವೂ ತರಚುತ್ತದೆ. ಭುಜದಿಂದ ತೊಡೆಯ ತನಕ ರೋಗಿಯ ಕೆಳಗೆ ಒಂದು ಡ್ರಾ ಶೀಟ್ (ಹಿಡಿದು ಸರಿಸಲು ಅಡ್ಡ ಹಾಸುವ ಬಟ್ಟೆ) ಹಾಸಿರಬೇಕು. ಇಬ್ಬರೂ ಅದರ ಅಂಚನ್ನು ರೋಗಿಯ ಮೈಗೆ ತಾಗುವಷ್ಟು ಸುತ್ತಿ ಹಿಡಿದು, ಮೊಣಕಾಲು ಬಗ್ಗಿಸಿ, ಎಣಿಸಿ ಒಟ್ಟಿಗೆ ಸರಿಸಬೇಕು. ಮಂಚ ಸೊಂಟದ ಎತ್ತರಕ್ಕಿರಲಿ. ತಗ್ಗಾದ ಕಬ್ಬಿಣದ ಮಂಚಗಳಲ್ಲಿ ಆಯಾಗಳ ಸೊಂಟವೇ ಮೊದಲು ಹೋಗುವುದು. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಗೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಎಲ್ಲೂ ತಾಗಬಾರದು.

ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ದ್ರವ ಆಹಾರ ಕೊಡುವ ನಳಿಕೆ) ಇದ್ದವರನ್ನು ಫೀಡ್‌ಗೆ ಮೊದಲೇ ಹೊರಳಿಸಿ. ಫೀಡ್ ಕೊಡುವಾಗ ಮತ್ತು ಆಮೇಲೆ ಅರ್ಧದಿಂದ ಒಂದು ಗಂಟೆ ತಲೆಭಾಗ 30ರಿಂದ 45 ಡಿಗ್ರಿ ಮೇಲಿರಬೇಕು, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋದೀತು. ತಲೆಗಿಂತ ಮುಂಚೆ ಮೊಣಕಾಲಿನ ಭಾಗ ಸ್ವಲ್ಪ ಏರಿಸಿದರೆ ಕೆಳಗೆ ಜಾರುವುದಿಲ್ಲ.

ಪಾಳಿ ಬದಲಾಗುವಾಗ ಹೋಗುವವರು, ಬರುವವರು ಸೇರಿ ಒಂದು ಸಲ ಹೊರಳಿಸಿ ಬೆನ್ನು ನೋಡುವುದು ನಮ್ಮಲ್ಲಿ ಕಡ್ಡಾಯ. ಕೆಂಪಾದಲ್ಲಿ ಬೆರಳು ಒತ್ತಿ ಬಿಟ್ಟಾಗ ಬೆಳ್ಳಗಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿ, ಗಟ್ಟಿತನ ನೋಡಬೇಕು. ಅಂಥ ಜಾಗವನ್ನು ಸ್ಪಿರಿಟ್, ಪೌಡರ್ ಹಾಕಿ ಉಜ್ಜಿದರೆ ಒಳಗಿನ ಮಾಂಸ ಇನ್ನಷ್ಟು ಕೆಡುತ್ತದೆ. ಸಿಸ್ಟರ್‌ಗೆ ತಿಳಿಸಿ, ಅದು ಮಾಯುವ ತನಕ ಆ ಮಗ್ಗುಲನ್ನು ಚಾರ್ಟಿನಿಂದಲೇ ತೆಗೆಯಿರಿ.